ಎಡತೋಳಿನ ನೀಲಿ ನೂಲು

ಹಸಿರು ನೂಲು ಮುಗಿದಿತ್ತು ಆ ರಾತ್ರಿ.
ಭವಂತಿ ಸ್ಟ್ರೀಟಿನ ಅಂಗಡಿ ಮುಚ್ಚಿಯಾಗಿತ್ತು.
ಎಡತೋಳಿನ ಅಂಚಿಗೆ ನಾಲ್ಕು ಬೆರಳಗಲ
ನೀಲಿ ಹಾಕಿ ಮುಗಿಸಿದೆ.
ಒಳಮಡಿಕೆ ಯಾರು ನೋಡುತ್ತಾರೆ, ಅಂದುಕೊಂಡೆ.

ನೋಡಿದರು.
ಕೊಡಿಯಾಲಬೈಲಿನ ಕೋರ್ಟಿನಲ್ಲಿ, ಬಾಗಿಲು ಹಾಕಿ,
ಅರಗಿನ ಮೊಹರು ಒಡೆದು,
ಆರು ವರ್ಷದ ಮುಗ್ಗುಲು ನಾತದ ಚೂಡಿದಾರವನ್ನು
ಮೇಜಿನ ಮೇಲೆ ಹರಡಿದರು. ಮುದ್ದೆಮಾಲು ಮೂರು.
"ಇದು ನಿಮ್ಮದೇ ಎಂದು ಹೇಗೆ ಹೇಳುತ್ತೀರಿ?
ಇಂಥದ್ದು ಮಂಗಳೂರಲ್ಲಿ ಸಾವಿರ ಸಿಗುತ್ತದೆ."
ಎಡತೋಳು ಮಗುಚಿ ನೋಡಿ, ಅಂದೆ.
ವಕೀಲರ ಬೆರಳು ನೀಲಿಯ ಮೇಲೆ ನಿಂತಿತು.

ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ.
ಹನ್ನೊಂದು ಪುಟದ ಹೇಳಿಕೆಯಲ್ಲಿದೆ, ಅವನ ಹೆಸರೂ ಅಲ್ಲೇ ಇರಲಿ.
ಇಷ್ಟು ಸಾಕು: ನನಗಾಗ ಇಪ್ಪತ್ತನಾಲ್ಕು,
ಹಬ್ಬದ ಹಿಂದಿನ ದಿನ, ಕೈತುಂಬ ಬಟನ್ ಕೆಲಸ,
ಅಂಗಡಿ ಯಜಮಾನರ ಭಾವ,
ಶಟರ್ ಕೆಳಗಿಳಿದ ಸದ್ದು.
ಇವತ್ತಿಗೂ ಹಂಪನಕಟ್ಟೆಯಲ್ಲಿ ರಾತ್ರಿ ಎಂಟೂವರೆಗೆ
ಯಾರಾದರೂ ಶಟರ್ ಎಳೆದರೆ
ನನ್ನ ಕಾಲಿಗೆ ಬಸ್ಸಿನ ಮೆಟ್ಟಿಲು ಮರೆತುಹೋಗುತ್ತದೆ.

ಅಮ್ಮ ಬೀಡಿ ಎಲೆಯ ಕತ್ತರಿ ಕೆಳಗಿಟ್ಟಳು.
"ಮೀಯಬೇಡ," ಅಂದಳು, ಮೊದಲ ಮಾತೇ ಅದು.
ಅವಳಿಗೆ ಯಾರು ಕಲಿಸಿದ್ದೋ,
ನಾನು ಇನ್ನೂ ಕೇಳಿಲ್ಲ.
ಜೆಪ್ಪುವಿನಿಂದ ಲೇಡಿಗೋಷನ್‌ವರೆಗೆ ಆಟೋದಲ್ಲಿ
ನನ್ನ ಹೆಬ್ಬೆರಳು ಹಿಡಿದೇ ಇದ್ದಳು.
ವಾಯಿದೆಯ ದಿನ ಅವಳ ಸಾವಿರ ಬೀಡಿಗೆ ಇನ್ನೂರು ಕಮ್ಮಿ.
ಮೂವತ್ತೇಳು ವಾಯಿದೆ. ಆ ಲೆಕ್ಕ ಯಾವ ಕಾಗದದಲ್ಲೂ ಇಲ್ಲ.

"ಕೂಗಿದಿರಾ?"
ತುಳುವಿನಲ್ಲಿ ಹೇಳಿದೆ: ಸ್ವರ ಬತ್ತ್‌ಜಿ.
ಟೈಪಿಸ್ಟ್ ಕನ್ನಡಕ್ಕೆ ಇಳಿಸಿದರು: ಸಾಕ್ಷಿ ಕೂಗಲಿಲ್ಲ.
ಓದಿ ಹೇಳಿದಾಗ ಕಟಕಟೆಯ ಮರಕ್ಕೆ ಉಗುರು ಒತ್ತಿ ನಿಂತೆ.
ಹಾಗಲ್ಲ.
ಹೊಲಿಯದೆ ಕೂತದ್ದಲ್ಲ ಸ್ವಾಮಿ,
ಹೊಲಿಯುವಾಗಲೇ ಸೂಜಿ ಮುರಿದದ್ದು.
ನ್ಯಾಯಾಧೀಶೆ ಕನ್ನಡಕ ತೆಗೆದರು.
ಅವರಿಗೂ ತುಳು ಬರುತ್ತಿತ್ತೋ ಏನೋ.
"ಸ್ವರ ಬರಲಿಲ್ಲ ಅಂತಲೇ ಬರೆಯಿರಿ."
ಶಿಕ್ಷೆ ಬಂದದ್ದು ಆಮೇಲೆ, ಎರಡು ವರ್ಷ ಕಳೆದು.
ನನಗೆ ನ್ಯಾಯ ಸಿಕ್ಕಿದ್ದು ಆ ಮಧ್ಯಾಹ್ನ ಮೂರು ಗಂಟೆಗೆ,
ಒಂದು ಸಾಲಿನಷ್ಟು.

ತೀರ್ಪಿನಲ್ಲಿ ನಾನು ಪ್ರಾ.ಸಾ. ಒಂದು.
ಹೆಸರು ಬರೆಯಬಾರದಂತೆ, ನನ್ನ ಒಳ್ಳೆಯದಕ್ಕೇ.
ಕೊನೆಯ ಪುಟದಲ್ಲಿ: ಮುದ್ದೆಮಾಲು ಮೂರು ಮೌಲ್ಯರಹಿತ,
ಅಪೀಲು ಅವಧಿ ತೀರಿದ ಮೇಲೆ ನಾಶಪಡಿಸತಕ್ಕದ್ದು.
ಮೌಲ್ಯರಹಿತ!
ಮೀಟರಿಗೆ ತೊಂಬತ್ತರ ಬಟ್ಟೆ, ಎರಡು ರಾತ್ರಿಯ ಕಣ್ಣು,
ಕುತ್ತಿಗೆಗೆ ಪೈಪಿಂಗ್ ಬೇರೆ.
ನಗು ಬಂತು. ಹೆಗಲು ಕುಲುಕಿತು.
ಅಳುತ್ತಿದ್ದೇನೆಂದು ತಿಳಿದು
ಕಾನ್‌ಸ್ಟೇಬಲ್ ಫಿಲೋಮಿನಾ ಬೆನ್ನು ಸವರಿದರು.
ಸವರಲಿ ಅಂತ ಬಿಟ್ಟೆ.

ಎಷ್ಟೋ ವರ್ಷ ಯಾರ ಹೆಗಲಿಗೂ ಟೇಪು ಇಡಲಾಗಲಿಲ್ಲ.
ಅಳತೆಗೆ ಹಳೆಯ ರವಿಕೆ ತನ್ನಿ, ಅನ್ನುತ್ತಿದ್ದೆ.
ಈಗ ಮೋರ್ಗನ್ಸ್‌ಗೇಟಿನಲ್ಲಿ ನನ್ನದೇ ಒಂದು ಕೋಣೆ.
ಬಾಗಿಲು ಮರದ್ದು.
ಬೋರ್ಡಿನಲ್ಲಿ ಪೂರ್ತಿ ಹೆಸರು, ಹರಿಣಾಕ್ಷಿ.
ಜಾಗ ಸಾಲದೆ ಪೇಂಟರ್ 'ಕ್ಷಿ'ಯನ್ನು ಕೆಳಗೆ ಇಳಿಸಿದ.
ನೇತಾಡುತ್ತಿದೆ, ಆದರೂ ಇದೆ.

ಮೊನ್ನೆ ಝುಲೈಕಾ ಬಂದರು, ಮಗಳ ಮದುವೆಯ ಬಟ್ಟೆಗೆ.
ಹಳೆಯ ಅಳತೆ ತಂದಿರಲಿಲ್ಲ.
ಟೇಪು ಬಿಡಿಸಿ ಹುಡುಗಿಯನ್ನು ಕೇಳಿದೆ: ಮುಟ್ಟಲಾ?
"ಇದೆಂಥದು ಮಾರಾಯ್ತಿ,
ಟೈಲರ್ ಮುಟ್ಟದೆ ಹೊಲಿಯಲಿಕ್ಕುಂಟಾ?"
ತಾಯಿ ನಕ್ಕರು.
ನಾನು ಟೇಪು ಹಿಡಿದು ನಿಂತೇ ಇದ್ದೆ.
ಹೊರಗೆ ಬಸ್ಸೊಂದು ಕಂಡಕ್ಟರನ ಸೀಟಿ ಊದಿಸಿಕೊಂಡು ಹೋಯಿತು.
ಹುಡುಗಿ ನನ್ನ ಮುಖ ನೋಡಿದಳು, ಸ್ವಲ್ಪ ಹೆಚ್ಚೇ ಹೊತ್ತು.
ದುಪಟ್ಟಾ ಸರಿಸಿ
ಒಂದು ಹೆಜ್ಜೆ ತಾನೇ ಮುಂದೆ ಬಂದು
"ಹೂಂ," ಅಂದಳು.

ಹೆಗಲು, ಹದಿನಾಲ್ಕೂವರೆ.
ಬರೆದುಕೊಂಡೆ.