ಒಂದು ಗೆರೆ, ಪಕ್ಕದಲ್ಲಿ ಸಹಿ

ಸಿಂಧನೂರಿನ ಆಸ್ಪತ್ರೆ, ಹೆರಿಗೆ ವಾರ್ಡು.
ಕಿಟಕಿ ತುಂಬ ಅಕ್ಕಿ ಗಿರಣಿಯ ತೌಡಿನ ವಾಸನೆ.
ನನ್ನ ಬೆನ್ನಿಗೆ ಎರಡನೇ ವರ್ಷದ ಆರು ಹುಡುಗಿಯರು.

ಕ್ಯಾಂಪಿನ ಬಂಗಾಲಿ ಹೆಂಗಸು, ಮಿನತಿ ಮಂಡಲ್.
ಸಿಜೇರಿಯನ್ನಿಗೆ ಬರೆದಾಗಿದೆ.
ಎರಡೂ ಕೈಗೆ ಶಂಖದ ಬಳೆ, ಜೊತೆಗೆ ಕೆಂಪನೆಯದೊಂದೊಂದು.
'ತೆಗೀರಿ' ಅಂದೆ. ಕೈಗಳು ಸೆರಗಿನೊಳಗೆ ಹೋದವು.
'ತೆಗೀಬೇಕ್ರಿ' ಅಂದೆ, ಜೋರಾಗಿ,
ಜೋರು ಮಾಡಿದರೆ ಕನ್ನಡ ತಿಳಿಯುತ್ತದೆಂಬಂತೆ.
ಆಕೆ ಇಲ್ಲೇ ಹುಟ್ಟಿದವಳು.
'ಬ್ಯಾಡ್ರಿ ಸಿಸ್ಟರ್' ಅಂದಳು,
ನನಗಿಂತ ಚೊಕ್ಕ ರಾಯಚೂರು ಮಾತಿನಲ್ಲಿ.

ಕೇಸ್ ಶೀಟಿನಲ್ಲಿ ಬರೆದೆ: ಸಹಕರಿಸುತ್ತಿಲ್ಲ.

ಹುಲಿಗೆಮ್ಮ, ನನ್ನ ಪಾಠಕ್ಕೆ ತೂಕಡಿಸುವವಳು,
ಮಂಚದ ಅಂಚಿಗೆ ಕೂತು ಕೇಳಿದಳು:
'ನಿಮ್ಮಾಗ ಇದನ್ನ ಯಾವಾಗ ತೆಗೀತಾರಕ್ಕಾ?'
ಮಿನತಿ ಬಾಗಿಲ ಕಡೆ ನೋಡಿದಳು.
ಅಲ್ಲಿ ಅವಳ ಗಂಡ, ಕೈಯಲ್ಲಿ ಫ್ಲಾಸ್ಕು.
'ಅಂವ ಹೋದ ಮ್ಯಾಲೆ.'

ಹುಲಿಗೆಮ್ಮ ನನ್ನನ್ನು ಕೇಳಲಿಲ್ಲ.
ಡಾಕ್ಟರನ್ನು ಕೇಳಿ ಬಂದಳು.
ಬಳೆಯ ಸುತ್ತ ಗಾಜ್ ಬಟ್ಟೆ, ಮೇಲೆ ಪ್ಲಾಸ್ಟರು,
ಆಮೇಲೆ ಉಗುರು ಒತ್ತಿ ನೋಡಿದಳು,
ರಕ್ತ ತಿರುಗಿ ಬರುತ್ತದೆಯೋ ಎಂದು.
ಅದನ್ನಾದರೂ ನಾನು ಕಲಿಸಿದ್ದೆ.

ಸಂಜೆ ಹೆಣ್ಣುಕೂಸು, ಎರಡು ಮುಕ್ಕಾಲು ಕೇಜಿ.

ಬರೆದದ್ದು ತಪ್ಪಾದರೆ ಗೀಚಬಾರದು,
ವೈಟ್ನರ್ ಹಚ್ಚಬಾರದು.
ಒಂದೇ ಗೆರೆ, ಅಡಿಯ ಅಕ್ಷರ ಕಾಣುವಂತೆ;
ಪಕ್ಕದಲ್ಲಿ ಸಹಿ, ತಾರೀಖು.
ಹತ್ತೊಂಬತ್ತು ವರ್ಷ ನಾನೇ ಬೋರ್ಡಿನ ಮೇಲೆ ಬರೆದ ನಿಯಮ.

ಆರೂ ಹುಡುಗಿಯರನ್ನು ಕರೆದೆ.
ಅವರ ಎದುರಿಗೇ ಎಳೆದೆ.
ಪೆನ್ನು ಮೊದಲ ಸಲ ಮೂಡಲಿಲ್ಲ.