ಎಂಟನೇ ಪೋರ್ಟು

ಶನಿವಾರ ರಾತ್ರಿ ಹೊಲಿಗೆ ಮಷೀನುಗಳು ನಿಂತ ಮೇಲೆ
ಗಾದಿಲಿಂಗನ ಮಾವನ ಜೀನ್ಸ್ ಯೂನಿಟ್ಟು ನಮ್ಮದು.
ಕೌಲ್ ಬಜಾರಿನ ಹಿಂದಿನ ಓಣಿ, ಮೋರಿಯಲ್ಲಿ ನೀಲಿ ನೀರು,
ಒಳಗೆ ಇಪ್ಪತ್ತಾರು ಅಡಿ ಉದ್ದದ ಕಟಿಂಗ್ ಟೇಬಲ್ಲು,
ಎಂಟು ಕಂಪ್ಯೂಟರಿಗೆಂದೇ ಯಾರೋ ಅಳತೆ ಕೊಟ್ಟು ಮಾಡಿಸಿದಂಗೆ.

ಸಿಪಿಯುಗಳು ಬರುತ್ತವೆ.
ಎರ್ರಿಸ್ವಾಮಿಯದು ಟಿವಿಎಸ್ ಮೇಲೆ, ಕಾಲ ಸಂದಿಯಲ್ಲಿ.
ಜಿಲಾನನದು ಅಮ್ಮನ ಹಳೇ ಸೀರೆಯ ಗಂಟಿನಲ್ಲಿ.
ನನ್ನದು ಆಟೋದಲ್ಲಿ, ನನ್ನ ತೊಡೆಯ ಮೇಲೆ,
ಗುಂಡಿ ಬಂದಾಗಲೆಲ್ಲ ಕೂಸಿನ ಹಣೆ ಹಿಡಿದಂತೆ ಹಿಡಿದು.
"ಏನ್ರೀ ಅದು, ಗ್ರೈಂಡರಾ?" ಅಂದ ಆಟೋದವನು.
ಹೂಂ ಅಂದೆ. ಕಂಪ್ಯೂಟರ್ ಅಂದರೆ ಬಾಡಿಗೆ ಏರುತ್ತದೆ.

ವಾರವೆಲ್ಲ ನಾನು ವೆಬ್‌ಸೈಟು ಕಟ್ಟುವವನು,
ಗ್ರಾನೈಟಿನವರಿಗೆ, ಕಲ್ಯಾಣ ಮಂಟಪದವರಿಗೆ, ಒಬ್ಬ ಹಲ್ಲಿನ ಡಾಕ್ಟರಿಗೆ.
"ಕೆಂಪು ಇನ್ನಾ ಕೆಂಪಾಗಬೇಕು" ಅಂದವರಿಗೆ
ಅದೇ ಕೆಂಪನ್ನು ಮರುದಿನ ತೋರಿಸಿ
"ಈಗ ನೋಡ್ರಿ" ಅನ್ನುವವನು.
ಡಿವ್ ಒಳಗೆ ಡಿವ್, ಅದರೊಳಗೆ ಮತ್ತೊಂದು.
ಒಂದನ್ನು ಮುಚ್ಚಲು ಮರೆತರೆ
ಇಡೀ ಪುಟ ಸೊಂಟ ಮುರಿದು ಬಲಕ್ಕೆ ವಾಲುತ್ತದೆ.
ಆ ಮರೆತದ್ದನ್ನು ಹುಡುಕುವುದಕ್ಕೇ ನನಗೆ ದುಡ್ಡು.

ಶನಿವಾರ ಮಾತ್ರ ನಾನು ಹುಡುಕುವುದು ಹೊನ್ನೂರವಲಿಯನ್ನು.
ಪಾಳು ಗೋದಾಮಿನ ಮಹಡಿಯಲ್ಲಿ ಬಂದೂಕು ಹಿಡಿದು ಕೂತಿರುತ್ತಾನೆ,
ನಿಜದಲ್ಲಿ ನನ್ನಿಂದ ಎರಡು ಮೊಳ ಆಚೆ,
ಮಿರ್ಚಿ ಬಜ್ಜಿ ಕಚ್ಚುತ್ತ.
ಅವನ ಗುಂಡು ತಲೆ ಹೊಕ್ಕುವ ಮೊದಲೇ
ಅವನ ಮೌಸಿನ ಟಕ್ ಕಿವಿ ಹೊಕ್ಕಿರುತ್ತದೆ.
"ಸತ್ತೆ ಲೇ!"
ಐದು ಸೆಕೆಂಡು. ಮತ್ತೆ ಏಳು.

ಮೂಲೆಯ ಒಂದೇ ಟ್ಯೂಬ್‌ಲೈಟಿನ ಕೆಳಗೆ ಖಾಸಿಂಬಿ,
ಸೋಮವಾರಕ್ಕೆ ಇನ್ನೂರು ಜಿಪ್ಪು ಕೂರಿಸಬೇಕು.
"ರಾತ್ರಿ ಹೊತ್ತು ಸತ್ತೆ ಸತ್ತೆ ಅನಬ್ಯಾಡ್ರೋ,
ಬ್ಯಾರೆ ಏನಾರ ಅನ್ರಿ."
ಬೇರೆ ಏನನ್ನಬೇಕೋ ನಮಗೆ ತಿಳಿಯಲಿಲ್ಲ.

ಆ ರಾತ್ರಿ ಎಂಟನೇ ಪೋರ್ಟಿನ ಕೇಬಲ್ಲು ಕೈಕೊಟ್ಟಿತು.
ಸ್ವಿಚ್ಚಿನ ದೀಪ ಮಿಣುಕುತ್ತದೆ, ಆಟ ಜಗ್ಗುತ್ತದೆ.
ಕತ್ತರಿಸಿದೆ, ಎಳೆ ಬಿಡಿಸಿದೆ, ಕ್ಲಿಪ್ಪು ಒತ್ತಿದೆ,
ಮೂರು ಕ್ಲಿಪ್ಪು ಕಸದ ಬುಟ್ಟಿಗೆ.
"ಇಂಜಿನಿಯರು!" ಅಂದ ಎರ್ರಿಸ್ವಾಮಿ ಗೋಡೆಗೆ.
ಪಂಪನಗೌಡ ಕಾದು ಬೇಸತ್ತು
ಚಾ ಹುಡುಕಿಕೊಂಡು ಮೋತಿ ಸರ್ಕಲ್ಲಿಗೆ ಹೋಗಿಬಿಟ್ಟ.

ಖಾಸಿಂಬಿ ಎದ್ದು ಬಂದಳು.
ಒಂದು ಕೈಯಲ್ಲಿ ಒಳ್ಳೇ ಕೇಬಲ್ಲು, ಇನ್ನೊಂದರಲ್ಲಿ ನನ್ನದು.
ದಾರಕ್ಕೆ ದಾರ ಹೋಲಿಸುವಂತೆ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ:
"ಇದರಾಗ ಹಸರು ನೀಲಿ ದಾಟಿ ಆ ಕಡೆ ಐತಿ.
ನಿಂದರಾಗ ಎರಡೂ ಹಸರು ಕೂಡೇ ಕುಂತಾವು."

ಜೋಡಿ ಎಳೆ ಅಲ್ಲವೇ,
ಪಕ್ಕದಲ್ಲೇ ಇರಲಿ ಅಂತ ನಾನೇ ಕೂರಿಸಿದ್ದೆ.

ತನ್ನ ದಾರ ಕತ್ತರಿಸುವ ಪುಟ್ಟ ಕತ್ತರಿಯಲ್ಲಿ
ಎಂಟೂ ಎಳೆ ಸಮ ಮಾಡಿ ಕೊಟ್ಟಳು.
ಒತ್ತಿದೆ. ದೀಪ ನಿಂತಿತು.

"ಏನಾಟ ಇದು?" ಎಂದು ಪಂಪನಗೌಡನ ಕುರ್ಚಿಯಲ್ಲಿ ಕೂತಳು.
ಕೂತ ಕೂಡಲೇ ಅವಳ ಬಲಗಾಲು
ಟೇಬಲ್ಲಿನ ಕೆಳಗೆ ಪೆಡಲು ಹುಡುಕಿತು.
ಬಾಣದ ಕೀಲಿ ಒತ್ತಿದಳು. ಸೈನಿಕ ಗೋಡೆಗೆ ಮುಖ ಕೊಟ್ಟು ನಿಂತ.
ಗೋಡೆಯ ಕನ್ನಡಿಯಲ್ಲಿ ಅವನನ್ನು ಬಗ್ಗಿ ನೋಡಿದಳು.
"ಈ ಪ್ಯಾಂಟಿಗೆ ಜೇಬೇ ಇಲ್ಲಲ್ಲೋ.
ಗುಂಡು ಎಲ್ಲಿ ಇಟ್ಕಂತಾನ?"

ಕಿವಿಗೆ ಹೆಡ್‌ಫೋನ್ ತುರುಕಿದ್ದ ಜಿಲಾನನಿಗೆ ಇದೇನೂ ಗೊತ್ತಿಲ್ಲ.
ಹಿಂದಿನಿಂದ ಬಂದು ಹೊಡೆದ.
"ಹೋತಾ?"
"ಹೋತು ಆಪಾ. ಐದು ಸೆಕೆಂಡು ತಡೀರಿ."
ಅವಳಿಗೆಲ್ಲಿ ಐದು ಸೆಕೆಂಡು. ಎದ್ದು ಹೋದಳು.
ಮೂಲೆಯಲ್ಲಿ ಮಷೀನು ಮತ್ತೆ ಗರ್ರ್ ಅಂತು.

ಸೈನಿಕ ಎದ್ದ. ಎದ್ದಲ್ಲೇ ನಿಂತ.
ಪಂಪನಗೌಡ ಬರಲೇ ಇಲ್ಲ,
ಬೆಳಗಿನ ತನಕ ಅವನಿಗೆ ಯಾರೂ ಗುಂಡು ಹಾರಿಸಲಿಲ್ಲ.
ಜಿಲಾನ್ ಮಾತ್ರ ಒಮ್ಮೆ ಹತ್ತಿರ ಹೋಗಿ
ಒಂದು ಸುತ್ತು ಹಾಕಿ ನೋಡಿ ಬಂದ.

ಜೇಬು ಇರಲಿಲ್ಲ, ಖರೆ.