ಎಪ್ಪತ್ತೈದು ವ್ಯಾಟ್

ವಾರ್ಡೋ ಊರಲ್ಲಿ ನವೆಂಬರಿಗೆ ಮುಳುಗಿದ ಸೂರ್ಯ
ಜನವರಿಯವರೆಗೆ ನಾಪತ್ತೆ.
ಮೀನು ಕೊಯ್ಯುವ ಗುನ್‌ವೋರ್
ಬಲ್ಬು ಬದಲಿಸಲು ಬಂದಿದ್ದಾಳೆ, ಮೂರನೆಯ ಸಲ.

ಕೆಂಪಿನ ಕೆಳಗೆ ಅವಳ ಓತಿಕ್ಯಾತ
ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ;
ನೂರರ ಕೆಳಗೆ ಬಾಯಿ ಕಳೆದು ಮೂಲೆ ಸೇರಿತ್ತು;
ಐವತ್ತರ ಕೆಳಗೆ
ಕಲ್ಲಿನ ಮೇಲೊಂದು ಕಲ್ಲು.
ಬೇಲಿ ಕಾಣದ ಪ್ರಾಣಿ. ಸಾಕ್ಷಿಗೆ ಗೂಟವೂ ಇಲ್ಲ.

“ಕಲ್ಲಿಗೂ ಬಲ್ಬಿಗೂ ಎಷ್ಟು ಅಂತರ?” ಅಂಗಡಿಯ ಓಡ್ವಾರ್ ಕೇಳಿದ.
ಗೇಣು ಹಿಡಿದು ತೋರಿಸಿದಳು—
ಹೆಬ್ಬೆರಳಿಂದ ಕಿರುಬೆರಳಿಗೆ ಚಳಿಯ ಬಿರುಕು,
ಉಗುರಲ್ಲಿ ಮೀನಿನ ಪೊರೆ.
“ಹಾಗಾದರೆ ಎಪ್ಪತ್ತೈದು.”

ಬೆಳಿಗ್ಗೆ ಆರಕ್ಕೆ ಟೈಮರ್ ಟಕ್ಕೆಂದಿತು.
ಓತಿಕ್ಯಾತ ಹೊರಬಂತು, ಕಲ್ಲಿನ ಮೇಲೆ
ಮೈ ಚಪ್ಪಟೆ ಮಾಡಿ ಹರಡಿಕೊಂಡಿತು.
ಥರ್ಮಾಮೀಟರ್ ಎತ್ತಿಕೊಳ್ಳಲು ಒಳಗಿಟ್ಟ ಕೈಯನ್ನು
ಫ್ಯಾಕ್ಟರಿಯ ಸೈರನ್ ಕೂಗಿದ ಮೇಲೂ
ಗುನ್‌ವೋರ್ ಹೊರತೆಗೆಯಲಿಲ್ಲ.